ಗಾಡಿಯ ನೆನಪಿದೆ, ಗಾಡಿ ಮಾಡಿದವರದು?



ಸಂಕೇಶ್ವರ, ಹುಕ್ಕೇರಿ, ಗೋಕಾಕದ ಕಡೆಯ ಹಿರಿಯರಿಗೆ ಯೆಜ್ಡಿ ಗಾಡಿಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಕಬ್ಬಿನ ಹೊಲಗಳ ನಡುವಣ ಕೆಸರುದಾರಿಯಲ್ಲಿ ಎರಡು ಬದಿಗೂ ಹಾಲಿನ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ ಆ ಗಾಡಿಯ ಡುಗುಡುಗು ಸದ್ದು ಊರಿಗೆಲ್ಲ ಬೆಳಗಾಯಿತೆಂದು ತಿಳಿಸುತ್ತಿತ್ತು. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು. ಕಿಕ್ ಹೊಡೆಯುವ ಸರಳೇ ಗೇರು ಬದಲಿಸುವ ಸರಳೂ ಹೌದು. ಹಿಂದೆ ಎರಡು ಹೊಗೆಕೊಳವೆ. ನಾನು ಗುರುದೀಕ್ಷೆ ಪಡೆದ ಹೊಸತರಲ್ಲಿ ದೂರದ ಹಳ್ಳಿಗಳಿಗೆ ಬಲಿಪೂಜೆ ಅರ್ಪಿಸಲು ಹೋಗುತ್ತಿದ್ದುದೂ ಅಂಥದೇ ಒಂದು ಹಳೆಯ ಗಾಡಿಯ ಮೇಲೆ. ಆದ್ದರಿಂದ ಆ ಗಾಡಿಯ ಬಗ್ಗೆ ಒಲವುಳ್ಳವರನ್ನು ಹೀಗಳೆಯುವ ಉದ್ದೇಶ ನನಗಿಲ್ಲ. ಆ ಒಲವು ನನಗೂ ಇದೆ. ನನ್ನ ತಕರಾರು ಬೇರೆ.

ಕೆಲವು ವರ್ಷಗಳ ಹಿಂದೆ ಧ್ಯಾನಕೂಟವೊಂದಕ್ಕಾಗಿ ಮೈಸೂರಿಗೆ ಹೋಗಿದ್ದಾಗ, ಬಿಡುವಿನ ಒಂದು ಸಂಜೆ ಯಾದವಗಿರಿಯತ್ತ ನಡೆದೆ. ಐಡಿಯಲ್ ಜಾವಾ ಕಾರ್ಖಾನೆ ಇದ್ದ ಜಾಗವನ್ನು ಒಮ್ಮೆ ನೋಡಬೇಕೆಂಬುದು ಬಹುದಿನದ ಆಸೆಯಾಗಿತ್ತು. ಅಲ್ಲಿ ಕಾಣಸಿಕ್ಕದ್ದು ಅಷ್ಟೇನಿಲ್ಲ: ಬಣ್ಣ ಉದುರಿದ ಗೋಡೆ, ಅದರಾಚೆ ಎದ್ದುನಿಂತ ಗಿಡಗಂಟಿ, ಯಾರೂ ಪ್ರವೇಶಿಸದ ಒಂದು ಬಾಗಿಲು. ಇಬ್ಬರು ತರುಣರು ತಮ್ಮ ಹಳೆಯ ಗಾಡಿಗಳನ್ನು ಮಿರಮಿರನೆ ಒರೆಸಿ, ಆ ಗೋಡೆಯ ಪಕ್ಕ ನಿಲ್ಲಿಸಿ ಛಾಯಾಚಿತ್ರ ತೆಗೆದುಕೊಳ್ಳುತ್ತಿದ್ದರು. ಅವರ ಮುಖದಲ್ಲಿ ಪುಣ್ಯಕ್ಷೇತ್ರಕ್ಕೆ ಬಂದವರ ಭಾವವಿತ್ತು.

ಸ್ವಲ್ಪ ದೂರದ ಚಹಾದಂಗಡಿಯಲ್ಲಿ ಒಬ್ಬ ವೃದ್ಧರು ಕುಳಿತಿದ್ದರು. ನನ್ನನ್ನು ನೋಡಿ, "ಗಾಡಿ ಫ್ಯಾಕ್ಟರಿ ನೋಡೋಕೆ ಬಂದ್ರಾ ಸ್ವಾಮಿ?" ಎಂದು ಕೇಳಿದರು. ಹೌದೆಂದೆ. ತಾವು ಅದರ ಜೋಡಣೆ ವಿಭಾಗದಲ್ಲಿ ದುಡಿದವರೆಂದು ಹೇಳಿಕೊಂಡರು. ನಾನು ಕೂಡಲೇ ಕೇಳಿದ್ದೇನು ಗೊತ್ತೇ? ರೋಡ್‌ಕಿಂಗ್ ಮಾದರಿಯ ಇಂಜಿನ್ನಿನ ವಿಷಯ! ಅವರು ತಾಳ್ಮೆಯಿಂದ ಎಲ್ಲವನ್ನೂ ವಿವರಿಸಿದರು. ಕಾರ್ಖಾನೆ ನಿಂತ ಮೇಲೆ ರಾತ್ರಿ ಕಾವಲಿನ ಕೆಲಸ ಮಾಡಿದೆನೆಂದು ಮಾತಿನ ನಡುವೆ ಒಮ್ಮೆ ಅಂದರು. ಆ ಮಾತನ್ನು ನಾನು ಮುಂದುವರಿಸಲಿಲ್ಲ. ವಸತಿಗೃಹಕ್ಕೆ ಮರಳಿ ರಾತ್ರಿಯ ಪ್ರಾರ್ಥನೆಗೆ ಕುಳಿತಾಗ, ಅವರ ಹೆಸರನ್ನೂ ಕೇಳಲಿಲ್ಲವೆಂಬುದು ನೆನಪಾಯಿತು. ಮೂವತ್ತು ವರ್ಷ ಹಳೆಯದಾದ ಇಂಜಿನ್ನಿನ ಬಗ್ಗೆ ಕೇಳಲು ನನಗೆ ನಾಲಿಗೆಯಿತ್ತು; ಅದನ್ನು ಜೋಡಿಸಿದ ಕೈಗಳ ಬಗ್ಗೆ ಕೇಳಲು ಇರಲಿಲ್ಲ. ಈ ಲೇಖನ ಆ ನಾಚಿಕೆಯಿಂದ ಹುಟ್ಟಿದ್ದು.

ಕಾರ್ಖಾನೆಯ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಚೆಕೊಸ್ಲೊವಾಕಿಯಾದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕನ್ನು ಕೊಂಡರು. ಇಬ್ಬರ ಹೆಸರಿನ ಮೊದಲಕ್ಷರಗಳು ಕೂಡಿ 'ಜಾವಾ' ಆಯಿತು. ಅದನ್ನು ಭಾರತಕ್ಕೆ ತಂದವರು ಮುಂಬಯಿಯ ಪಾರಸಿ ಸಮಾಜದ ಇರಾನಿ ಕುಟುಂಬದವರು. 1960ರ ದಶಕದ ಆರಂಭದಲ್ಲಿ ಮೈಸೂರಿನ ಯಾದವಗಿರಿಯಲ್ಲಿ ತಯಾರಿಕೆ ತೊಡಗಿತು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಕಾರ್ಖಾನೆಯನ್ನು ಉದ್ಘಾಟಿಸಿದರು. 1973ರಿಂದ ಗಾಡಿಗಳು 'ಯೆಜ್ಡಿ' ಎಂಬ ಹೆಸರಿನಿಂದ ಹೊರಬಂದವು. 1980ರ ದಶಕದ ನಡುವಿನಲ್ಲಿ ಜಪಾನೀ ಕಂಪನಿಗಳ ಸಹಯೋಗದಿಂದ ನೂರು ಸಿ.ಸಿ.ಯ ಹಗುರ ಗಾಡಿಗಳು ಬಂದವು. ಕಡಿಮೆ ಪೆಟ್ರೋಲಿಗೆ ಹೆಚ್ಚು ದೂರ ಓಡುವ ಆ ಗಾಡಿಗಳ ಮುಂದೆ ಯೆಜ್ಡಿ ಹಿಂದೆ ಬಿತ್ತು. 1991ರಲ್ಲಿ ಹೊಗೆ ನಿಯಂತ್ರಣದ ನಿಯಮಗಳು ಬಂದವು. 1996ರಲ್ಲಿ ಅವು ಇನ್ನಷ್ಟು ಬಿಗಿಯಾದವು. ಅದೇ 1996ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು.

ಮುಂದಿನದು ಎಲ್ಲರೂ ಬಲ್ಲದ್ದು. ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಜಾವಾ-ಯೆಜ್ಡಿ ಪ್ರಿಯರು ತಂತಮ್ಮ ಗಾಡಿಗಳೊಂದಿಗೆ ನೆರೆಯುತ್ತಾರೆ. 2018ರ ನವೆಂಬರ್‌ನಲ್ಲಿ ಜಾವಾ, 2022ರ ಜನವರಿಯಲ್ಲಿ ಯೆಜ್ಡಿ ಹೊಸ ರೂಪದಲ್ಲಿ ಮಾರುಕಟ್ಟೆಗೆ ಮರಳಿದವು. ಆದರೆ ತಯಾರಾದದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ, ಮೈಸೂರಿನಲ್ಲಲ್ಲ. ಆ ಹೆಸರು ಯಾರ ಸ್ವತ್ತು ಎಂಬ ವ್ಯಾಜ್ಯವೂ ನಡೆಯಿತು. 2022ರ ಡಿಸೆಂಬರ್‌ನಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠವು ಅದು ಮುಚ್ಚಿಹೋದ ಹಳೆಯ ಕಂಪನಿಯ ಸ್ವತ್ತೆಂದು ತೀರ್ಪಿತ್ತಿತು. ಅದರ ಮೇಲೆ ಮೇಲ್ಮನವಿ ಹೋಯಿತು. ನ್ಯಾಯ ಯಾವ ಪಕ್ಷದ್ದೆಂದು ಹೇಳುವುದು ನ್ಯಾಯಾಲಯದ ಕೆಲಸ, ನನ್ನದಲ್ಲ. ನಾನು ಗಮನಿಸುವುದು ಒಂದನ್ನೇ. ಬಾಗಿಲು ಮುಚ್ಚಿ ಇಪ್ಪತ್ತಾರು ವರ್ಷಗಳಾದ ಮೇಲೂ ಆ ಹೆಸರಿಗೆ ಬೆಲೆಯಿತ್ತು, ಅದಕ್ಕಾಗಿ ಹೋರಾಡುವವರಿದ್ದರು. ಆ ಬೆಲೆಯನ್ನು ತಂದುಕೊಟ್ಟವರು ಯಾರು? ಮೂರು ದಶಕಗಳ ಕಾಲ ಕೆಟ್ಟರೂ ಕೈಬಿಡದ ಗಾಡಿಯನ್ನು ಕಟ್ಟಿದ ಆ ಕಾರ್ಮಿಕರಲ್ಲವೇ? ಹೆಸರಿನ ಬೆಲೆಯ ಮಾತು ಬಂದಾಗ ಅವರ ಮಾತು ಎಷ್ಟು ಜನರ ಬಾಯಲ್ಲಿ ಬಂದಿತು?

ಇಲ್ಲಿ ಕೆಲವರು ಒಂದು ಆಕ್ಷೇಪ ಎತ್ತುವುದನ್ನು ನಾನು ಬಲ್ಲೆ. "ಕಾರ್ಮಿಕ ಸಂಘದವರೇ ಕಾರ್ಖಾನೆಗಳನ್ನು ಮುಚ್ಚಿಸುತ್ತಾರೆ, ಅವರಿಗಾಗಿ ಏಕೆ ಮರುಗಬೇಕು?" ಎಂಬುದು ಅದು. ಮುಚ್ಚಿದ ಪ್ರತಿಯೊಂದು ಕಾರ್ಖಾನೆಯ ಮುಂದೆಯೂ ಈ ಮಾತು ಕೇಳಿಬರುತ್ತದೆ. ಕಾರ್ಮಿಕರೆಲ್ಲ ಸಂತರೆಂದು ನಾನು ವಾದಿಸುವುದಿಲ್ಲ. ಹಠಮಾರಿತನ, ಒಡಕು, ನಾಯಕರ ಸ್ವಾರ್ಥ ಕಾರ್ಮಿಕ ಚಳವಳಿಯಲ್ಲಿಯೂ ಉಂಟು. ಆದರೆ ಸ್ವಲ್ಪ ವಿವೇಚಿಸೋಣ. ಯಾವ ಮಾದರಿಯ ಗಾಡಿ ತಯಾರಿಸಬೇಕು, ಹೊಸ ಯಂತ್ರಕ್ಕೆ ಯಾವಾಗ ಬಂಡವಾಳ ಹೂಡಬೇಕು ಎಂಬುದನ್ನು ಯಾವ ಕಾರ್ಖಾನೆಯಲ್ಲಿ ಜೋಡಣೆ ವಿಭಾಗದ ಕೆಲಸಗಾರ ನಿರ್ಧರಿಸುತ್ತಾನೆ? ಪರದೇಶದ ಕಂಪನಿಗಳಿಗೆ ಬಾಗಿಲು ತೆರೆಯುವ ನೀತಿಯನ್ನು, ಹೊಗೆಯ ನಿಯಮವನ್ನು ಅವನು ರೂಪಿಸುತ್ತಾನೆಯೇ? ನಿರ್ಧಾರ ಮಾಡುವವರು ಬೇರೆ, ಅದರ ಫಲ ಉಣ್ಣುವವರು ಬೇರೆ. ಬಂಡವಾಳಕ್ಕೆ ಕಾಲಿದೆ, ಒಂದೂರಲ್ಲಿ ಸೋತರೆ ಇನ್ನೊಂದೂರಿಗೆ ನಡೆದುಹೋಗುತ್ತದೆ. ನಲವತ್ತೈದು ದಾಟಿದ, ಒಂದೇ ಯಂತ್ರದ ಮುಂದೆ ಆಯುಷ್ಯ ಕಳೆದ, ಮಕ್ಕಳ ಶಾಲೆ ಮತ್ತು ಮನೆಬಾಡಿಗೆಯ ಭಾರ ಹೊತ್ತ ಮನುಷ್ಯ ಎಲ್ಲಿಗೆ ನಡೆದಾನು?

ನಮ್ಮ ಕಾನೂನು ಈ ಅನ್ಯಾಯವನ್ನು ಅರಿಯದೆ ಇಲ್ಲ. 1985ರಲ್ಲಿ ಕಂಪನಿ ಕಾಯಿದೆಗೆ ತಿದ್ದುಪಡಿ ತಂದು, ಮುಚ್ಚಿದ ಕಂಪನಿಯ ಆಸ್ತಿ ಮಾರಿದಾಗ ಕಾರ್ಮಿಕರ ಬಾಕಿಗೆ ಅಡಮಾನ ಪಡೆದ ಬ್ಯಾಂಕುಗಳ ಸಾಲಕ್ಕೆ ಸಮನಾದ ಸ್ಥಾನವನ್ನು ನೀಡಲಾಯಿತು. 2016ರ ದಿವಾಳಿ ಸಂಹಿತೆಯೂ ಇಪ್ಪತ್ತನಾಲ್ಕು ತಿಂಗಳ ಬಾಕಿಗೆ ಅಂಥ ಸ್ಥಾನ ಕೊಟ್ಟಿದೆ. ಆದರೆ ಪುಸ್ತಕದಲ್ಲಿನ ಹಕ್ಕು ಅಡುಗೆಮನೆಗೆ ತಲುಪಲು ಎಷ್ಟು ಕಾಲ ಬೇಕು? ಕಂಪನಿಗಳ ಸಮಾಪನದ ಪ್ರಕರಣಗಳು ನಮ್ಮ ದೇಶದಲ್ಲಿ ದಶಕಗಟ್ಟಲೆ ಎಳೆದಾಡುತ್ತವೆ. ಹಸಿವು ಅಷ್ಟು ದಿನ ಕಾಯುವುದಿಲ್ಲ.

ದೇವರ ವಾಕ್ಯವು ಈ ವಿಷಯದಲ್ಲಿ ಕಾನೂನಿಗಿಂತ ಕಠಿಣವಾಗಿದೆ. ಬಡ ಕೂಲಿಕಾರನ ಕೂಲಿಯನ್ನು ಸೂರ್ಯಾಸ್ತಕ್ಕೆ ಮುನ್ನವೇ ಕೊಡಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿಯೇ ಕೂಗಿಕೊಳ್ಳುತ್ತದೆ, ಆ ಕೂಗು ಸರ್ವೇಶ್ವರನ ಕಿವಿಗೆ ಮುಟ್ಟಿದೆ ಎಂದು ಸಂತ ಯಕೋಬರು ಎಚ್ಚರಿಸುತ್ತಾರೆ. 1891ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು 'ರೇರುಂ ನೊವಾರುಂ' ವಿಶ್ವಪತ್ರದಲ್ಲಿ ನ್ಯಾಯವಾದ ಕೂಲಿ ಕಾರ್ಮಿಕನ ಹಕ್ಕೆಂದು ಸಾರಿದರು. ತಾರುಣ್ಯದಲ್ಲಿ ಕಲ್ಲಿನ ಗಣಿಯಲ್ಲಿ ಸ್ವತಃ ಕೂಲಿಯಾಗಿ ದುಡಿದಿದ್ದ ಎರಡನೆಯ ಜಾನ್ ಪೌಲರು 1981ರ ತಮ್ಮ ವಿಶ್ವಪತ್ರದಲ್ಲಿ ಬಂಡವಾಳಕ್ಕಿಂತ ದುಡಿಮೆಯೇ ಮೊದಲೆಂದು ಬೋಧಿಸಿದರು. 2025ರಲ್ಲಿ ಆಯ್ಕೆಯಾದ ಜಗದ್ಗುರುಗಳು ಹದಿನಾಲ್ಕನೆಯ ಲಿಯೋ ಎಂಬ ಹೆಸರನ್ನು ಆರಿಸಿಕೊಂಡಾಗಲೂ ಕಾರ್ಮಿಕರ ಪರವಾದ ಆ ಹಳೆಯ ದನಿಯನ್ನೇ ನೆನೆದರು. ಯಂತ್ರ ಮನುಷ್ಯನಿಗಾಗಿ, ಮನುಷ್ಯ ಯಂತ್ರಕ್ಕಾಗಿ ಅಲ್ಲ. ಇದು ಧರ್ಮಸಭೆಯ ಅಚಲ ಬೋಧನೆ. ಯಂತ್ರಕ್ಕೆ ಹಾರ ಹಾಕಿ ಮನುಷ್ಯನನ್ನು ಮರೆಯುವುದಕ್ಕೆ ಪವಿತ್ರ ಗ್ರಂಥದಲ್ಲಿ ಒಂದು ಹಳೆಯ ಹೆಸರಿದೆ: ವಿಗ್ರಹಾರಾಧನೆ.

ಮೈಸೂರಿನ ಕಥೆ ನಮಗೇಕೆ ಎನ್ನಬೇಡಿ. ನಮ್ಮ ಗೋಕಾಕದ ಜಲಪಾತದ ಬಳಿ 1887ರಲ್ಲಿಯೇ ಘಟಪ್ರಭೆಯ ನೀರಿನ ಬಲದಿಂದ ನೂಲಿನ ಗಿರಣಿ ತಿರುಗತೊಡಗಿತು. ಪ್ರವಾಸಿಗರು ಜಲಪಾತ ನೋಡುತ್ತಾರೆ, ತೂಗುಸೇತುವೆಯ ಮೇಲೆ ನಡೆಯುತ್ತಾರೆ; ನೂಲು ತೆಗೆದ ತಲೆಮಾರುಗಳ ಬಗ್ಗೆ ವಿಚಾರಿಸುವವರು ವಿರಳ. ಜಿಲ್ಲೆಯ ತುಂಬ ಸಕ್ಕರೆ ಕಾರ್ಖಾನೆಗಳಿವೆ. ಕಬ್ಬು ಪಡೆದ ಹದಿನಾಲ್ಕು ದಿನಗಳೊಳಗೆ ರೈತನಿಗೆ ಹಣ ಸಲ್ಲಬೇಕು, ತಡವಾದರೆ ನೂರಕ್ಕೆ ಹದಿನೈದರ ಬಡ್ಡಿ ಕೂಡಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಾಕಿ ಹಣಕ್ಕಾಗಿ ರಸ್ತೆಗಿಳಿಯುವ ನಮ್ಮ ರೈತ ಬಂಧುಗಳಿಗೆ ಸೂರ್ಯಾಸ್ತಕ್ಕೆ ಮುನ್ನ ಸಿಗಬೇಕಾದ ಕೂಲಿಯ ಅರ್ಥ ಚೆನ್ನಾಗಿ ಗೊತ್ತು. ಹಾಗಿದ್ದರೆ ಅವರದೇ ಹೊಲದಲ್ಲಿ ಕಬ್ಬು ಕಡಿಯಲು ಹೆಂಡತಿ ಮಕ್ಕಳೊಂದಿಗೆ ವಲಸೆ ಬಂದು, ಗುಡಿಸಲು ಹಾಕಿಕೊಂಡು ಇರುವವರ ಲೆಕ್ಕ ಅದೇ ಪ್ರಾಮಾಣಿಕತೆಯಿಂದ ತೀರುತ್ತಿದೆಯೇ?

ಬೇರೆಯವರತ್ತ ಬೆರಳು ತೋರಿಸಿ ನಾವು ಗುರುಗಳು ಪಾರಾಗುವಂತಿಲ್ಲ. ಧರ್ಮಸಭೆಯ ಹೆಸರಿನಲ್ಲಿ ನಡೆಯುವ ಶಾಲೆ, ಆಸ್ಪತ್ರೆ, ವಸತಿನಿಲಯಗಳಲ್ಲಿ ದುಡಿಯುವ ಶಿಕ್ಷಕರು, ಚಾಲಕರು, ಅಡುಗೆಯವರು, ಕಸ ಗುಡಿಸುವವರು ಇದ್ದಾರೆ. ಅವರೆಲ್ಲರಿಗೂ ಸರಕಾರ ನಿಗದಿಪಡಿಸಿದ ಕನಿಷ್ಠ ವೇತನ ಸಿಗುತ್ತಿದೆಯೇ? ಭವಿಷ್ಯನಿಧಿಗೆ ಅವರ ಹೆಸರು ಸೇರಿದೆಯೇ? "ಇದು ಸೇವೆ" ಎಂಬ ಮಾತನ್ನು ಮುಂದಿಟ್ಟು ಕಡಿಮೆ ಕೂಲಿ ಕೊಡುವುದನ್ನು ನಾನು ಕಂಡಿದ್ದೇನೆ. ಹಿಂದೆ ನಾನೇ ಲೆಕ್ಕ ನೋಡಿಕೊಳ್ಳುತ್ತಿದ್ದ ಕಡೆಯಲ್ಲಿಯೂ ಅದನ್ನು ಪ್ರಶ್ನಿಸದೆ ಸಹಿ ಹಾಕಿದ್ದೇನೆ. ಸೇವೆ ಮಾಡುವೆನೆಂದು ವ್ರತ ತೊಟ್ಟವನು ನಾನು. ಅಡುಗೆಯ ಆ ತಾಯಿ ಅಂಥ ವ್ರತ ತೊಟ್ಟವಳಲ್ಲ. ಅವಳು ಮನೆ ನಡೆಸಲು ಬಂದವಳು. ನನ್ನ ವ್ರತದ ಬೆಲೆಯನ್ನು ಅವಳ ಸಂಬಳದಿಂದ ಕತ್ತರಿಸುವ ಅಧಿಕಾರ ನನಗೆ ಯಾರು ಕೊಟ್ಟರು?

ಮೇ 1ರಂದು ಕಾರ್ಮಿಕರಾದ ಸಂತ ಜೋಸೆಫರ ಹಬ್ಬವನ್ನು ಆಚರಿಸುತ್ತೇವೆ. ಹನ್ನೆರಡನೆಯ ಪಿಯುಸ್ ಜಗದ್ಗುರುಗಳು 1955ರಲ್ಲಿ ಸ್ಥಾಪಿಸಿದ ಹಬ್ಬ ಅದು. ಆ ದಿನ ಕೆಲವೆಡೆ ವಾಹನಗಳನ್ನೂ ಉಪಕರಣಗಳನ್ನೂ ಆಶೀರ್ವದಿಸುತ್ತೇವೆ. ಆಶೀರ್ವದಿಸೋಣ. ಜೊತೆಗೆ, ಬರುವ ಹಬ್ಬದಂದು ನಮ್ಮ ಪ್ರತಿಯೊಂದು ಧರ್ಮಕೇಂದ್ರದಲ್ಲಿ ಗಿರಣಿ, ಕಾರ್ಖಾನೆ, ಹೊಲಗಳಲ್ಲಿ ದುಡಿದು ದಣಿದ ಹಿರಿಯರನ್ನು ಪೀಠದ ಬಳಿಗೆ ಕರೆದು, ಅವರ ಹೆಸರು ಹಿಡಿದು ಪ್ರಾರ್ಥಿಸೋಣ. ಪ್ರತಿ ಕುಟುಂಬವೂ ತಾನು ಯಾರಿಗಾದರೂ ಕೊಡಬೇಕಾದ ಕೂಲಿ ಬಾಕಿ ಉಳಿದಿದ್ದರೆ ಹಬ್ಬದ ಹಿಂದಿನ ಸಂಜೆಯೊಳಗೆ ಅದನ್ನು ತೀರಿಸಲಿ. ಧರ್ಮಕೇಂದ್ರದ ಲೆಕ್ಕಪುಸ್ತಕದಿಂದಲೇ ಅದು ಆರಂಭವಾಗಲಿ.

ಹಳೆಯ ಗಾಡಿ ಇಟ್ಟುಕೊಂಡಿರುವ ಸೋದರರಲ್ಲಿಯೂ ನನ್ನದೊಂದು ವಿನಂತಿ. ನಿಮ್ಮ ಗಾಡಿ ಚೆನ್ನಾಗಿ ಓಡಲಿ. ಮುಂದಿನ ಸಲ ಯಾದವಗಿರಿಯ ಆ ಗೋಡೆಯ ಪಕ್ಕ ಅದನ್ನು ನಿಲ್ಲಿಸಿದಾಗ, ಸಮೀಪದ ಚಹಾದಂಗಡಿಗೂ ಹೋಗಿ ಬನ್ನಿ. ಅಲ್ಲಿ ವಯಸ್ಸಾದವರೊಬ್ಬರು ಕುಳಿತಿದ್ದರೆ, ಇಂಜಿನ್ನಿನ ವಿಷಯ ಕೇಳುವುದಕ್ಕೆ ಮುಂಚೆ ಅವರ ಹೆಸರು ಕೇಳಿ. ನಾನು ಕೇಳಲಿಲ್ಲ.