ಅಡ್ಮಿಟ್ ಆಗುವವರೆಗೆ ಕಾಯಬೇಡಿ



ನಮ್ಮ ಮಂಗಳೂರಿಗೆ ಆಸ್ಪತ್ರೆಗಳ ಬರವಿಲ್ಲ. 1848ರಲ್ಲಿ ಶುರುವಾದ ವೆನ್ಲಾಕ್ ಇದೆ, ಹೆರಿಗೆಗೆ ಲೇಡಿಗೋಷನ್ ಇದೆ, ಕಂಕನಾಡಿಯಲ್ಲಿ 1880ರಿಂದ ಫಾದರ್ ಮುಲ್ಲರ್ ಇದೆ. ದೇರಳಕಟ್ಟೆಯಿಂದ ಮುಕ್ಕದವರೆಗೆ ಖಾಸಗಿ ಮೆಡಿಕಲ್ ಕಾಲೇಜುಗಳ ಸಾಲೇ ಇದೆ. ಕಾಸರಗೋಡಿನವರೂ ಕೊಡಗಿನವರೂ ಕಾಯಿಲೆ ಜೋರಾದರೆ ಇಲ್ಲಿಗೇ ಬರುತ್ತಾರೆ. ಇಷ್ಟಿದ್ದೂ, ಮನೆ ಜಗಲಿಯಲ್ಲಿ ಕೂತು ಬೀಡಿ ಕಟ್ಟುವ ಅಕ್ಕನಿಗೆ ತನಗೆ ಬಿಪಿ ಇದೆ ಎಂದು ಗೊತ್ತಾಗುವುದು ಎಷ್ಟೋ ಸಲ ಒಂದು ಕೈ ಸ್ವಾಧೀನ ತಪ್ಪಿದ ಮೇಲೆಯೇ.

ಇದಕ್ಕೆ ಆಕೆಯ ಉದಾಸೀನವನ್ನು ಮಾತ್ರ ದೂರುವುದು ಸರಿಯಲ್ಲ. ಸರ್ಕಾರದ ದುಡ್ಡು ಎಲ್ಲಿಗೆ ಹೋಗುತ್ತದೆ ನೋಡಿ. 2018ರಿಂದ ಇರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ಒಂದೂವರೆ ಲಕ್ಷದ ಮಿತಿಯಲ್ಲಿ. ಎಷ್ಟೋ ಮನೆಗಳನ್ನು ಅದು ಸಾಲದಿಂದ ಉಳಿಸಿದೆ, ಅಲ್ಲಗಳೆಯುವಂತಿಲ್ಲ. ಆದರೆ ಅದು ಅಡ್ಮಿಟ್ ಆದವರ ಯೋಜನೆ. ಸ್ಟೆಂಟ್‌ಗೆ ದರ ಗೊತ್ತುಮಾಡಿದ್ದಾರೆ. ಸ್ಟೆಂಟ್ ಬೇಡವಾಗಲಿ ಎಂದು ದಿನಾ ನುಂಗುವ ಮಾತ್ರೆಗೆ ಅದರಲ್ಲಿ ಜಾಗವಿಲ್ಲ.

ಆ ಮಾತ್ರೆಯ ಜವಾಬ್ದಾರಿ ನಗರ ಪ್ರಾಥಮಿಕ ಆರೋಗ್ಯ ಕೇಂದ್ರದ್ದು. ಸುಮಾರು 50 ಸಾವಿರ ಜನಕ್ಕೆ ಒಂದು ಕೇಂದ್ರ ಎಂಬುದು ಕಾಗದದ ಲೆಕ್ಕ. ಅದರ ಜೊತೆಗೆ ರಾಜ್ಯದಲ್ಲಿ 438 ‘ನಮ್ಮ ಕ್ಲಿನಿಕ್’ಗಳ ಯೋಜನೆ ಬಂತು, 2022ರ ಕೊನೆಯಿಂದ ಅವು ತೆರೆಯತೊಡಗಿದವು. ಹೆಚ್ಚಿನ ಕಡೆ ಹೊತ್ತು ಮಾತ್ರ ಕಚೇರಿಯದ್ದು, ಬೆಳಿಗ್ಗೆ 9ರಿಂದ ಸಂಜೆ 4.30. ದಕ್ಕೆಯಲ್ಲಿ ಮೀನು ಇಳಿಸುವವನೂ ಅಂಗಡಿಯಲ್ಲಿ ನಿಂತು ದುಡಿಯುವವಳೂ ಕೂಲಿ ಬಿಟ್ಟೇ ಬಿಪಿ ನೋಡಿಸಬೇಕು. ತಿಂಗಳ ಮಾತ್ರೆ ಪುಕ್ಕಟೆ, ಅದನ್ನು ತರಲು ಅರ್ಧ ದಿನದ ಸಂಬಳ ಖರ್ಚು!

ಆಡಳಿತ ಮನಸ್ಸು ಮಾಡಿದರೆ ಏನಾಗುತ್ತದೆಂದು ಈ ಊರಿನಲ್ಲೇ ಕಂಡಿದ್ದೇವೆ. ಮಂಗಳೂರು ಎಂದರೆ ಮಲೇರಿಯಾ ಎನ್ನುವ ಕಾಲವಿತ್ತು. 2015ರಲ್ಲಿ ಹೊಸ ತಂತ್ರಾಂಶ ಬಂತು. ಯಾವ ಲ್ಯಾಬಿನಲ್ಲಿ ರಕ್ತಪರೀಕ್ಷೆ ಪಾಸಿಟಿವ್ ಬಂದರೂ ಸುದ್ದಿ ಆರೋಗ್ಯ ಕಾರ್ಯಕರ್ತರ ಟ್ಯಾಬ್‌ಗೆ ಹೋಗುತ್ತಿತ್ತು. ಅವರು ರೋಗಿಯ ಮನೆ ಹುಡುಕಿಕೊಂಡು ಬಂದು ಮಾತ್ರೆ ಪೂರ್ತಿ ತಿಂದರೋ ಎಂದು ವಿಚಾರಿಸಿ, ಪಕ್ಕದ ಕಟ್ಟಡ ಕಾಮಗಾರಿಯಲ್ಲಿ ನಿಂತ ನೀರನ್ನೂ ನೋಡಿ ಹೋಗುತ್ತಿದ್ದರು. ಮುಂದಿನ ವರ್ಷಗಳಲ್ಲಿ ಪ್ರಕರಣಗಳು ಬಹಳ ಇಳಿದವು. ಅಲ್ಲಿ ಕಡತ ರೋಗಿಯ ಹಿಂದೆ ಓಡಿತು. ಆಯುಷ್ಮಾನ್ ಯೋಜನೆಗೆ ಬೇಕಾದ ರೆಫರಲ್ ಚೀಟಿಯ ವಿಷಯದಲ್ಲಿ ರೋಗಿಯೇ ಕಡತದ ಹಿಂದೆ ಓಡಬೇಕು: ಖಾಸಗಿ ಆಸ್ಪತ್ರೆಗೆ ಸೇರಿದ ಮೇಲೆ ಮನೆಯವರು ಬಿಪಿಎಲ್ ಕಾರ್ಡ್, ಆಧಾರ್ ಜೆರಾಕ್ಸ್ ಹಿಡಿದು ಸ್ಟೇಟ್‌ಬ್ಯಾಂಕ್ ಬಸ್ ಹತ್ತಿ ಸರ್ಕಾರಿ ಆಸ್ಪತ್ರೆಯ ಚೀಟಿಗೆ ಅಲೆಯುವುದು ಇಲ್ಲಿ ಹೊಸತೇನಲ್ಲ. ಯೋಜನೆಯ ತುರ್ತು ಪಟ್ಟಿಯಲ್ಲಿರುವ ಚಿಕಿತ್ಸೆಗೆ ಆ ಚೀಟಿ ಬೇಕಾಗಿಯೇ ಇಲ್ಲ ಎಂಬುದು ಹಲವರಿಗೆ ಗೊತ್ತಿಲ್ಲ.

ಹಾಗಾಗಿ ನನ್ನ ವಿನಂತಿ. ನಿಮ್ಮ ವಾರ್ಡಿನ ಆರೋಗ್ಯ ಕೇಂದ್ರ ಎಲ್ಲಿದೆ ಎಂದು ಈ ವಾರವೇ ತಿಳಿದುಕೊಳ್ಳಿ. ಮೂವತ್ತು ದಾಟಿದವರನ್ನೆಲ್ಲ ಕರೆದುಕೊಂಡು ಹೋಗಿ ಬಿಪಿ, ಶುಗರ್ ನೋಡಿಸಿ, ಹೆಸರು ಬರೆಸಿ. ಕಾರು ಇರುವವರೂ ಹೋಗಿ. ಬಡವರು ಮಾತ್ರ ಹೋಗುವ ಜಾಗದ ಬಗ್ಗೆ ಅಧಿಕಾರಿಗಳಿಗೆ ಭಯವಿರುವುದಿಲ್ಲ. ಮಾತ್ರೆ ಇಲ್ಲ, ಡಾಕ್ಟರ್ ಇಲ್ಲ ಎಂದರೆ ಸಿಸ್ಟರನ್ನೋ ಆಶಾ ಕಾರ್ಯಕರ್ತೆಯನ್ನೋ ಗದರಬೇಡಿ, ಅವರ ಕೈಯಲ್ಲಿ ಏನೂ ಇಲ್ಲ. ಆರೋಗ್ಯ ರಕ್ಷಾ ಸಮಿತಿಗೆ, ಜಿಲ್ಲಾ ಆರೋಗ್ಯಾಧಿಕಾರಿಗೆ, ಶಾಸಕರಿಗೆ ಲಿಖಿತವಾಗಿ ಕೊಡಿ, ಸ್ವೀಕೃತಿ ಪಡೆಯಿರಿ. ವಾರಕ್ಕೆ ಎರಡು ದಿನವಾದರೂ ಕೇಂದ್ರವನ್ನು ರಾತ್ರಿ 8ರವರೆಗೆ ತೆರೆದಿಡಿ ಎಂದು ಆ ಅರ್ಜಿಯಲ್ಲಿ ಮೊದಲು ಬರೆಯಿರಿ.