ಮುಳ್ಳಿನ ಭಾರ

ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರರ ಹಳೆಯ ಎಲ್.ಪಿ. ರಿಕಾರ್ಡುಗಳನ್ನು ಸದರಿಗೆ ತಂದಿಟ್ಟುಕೊಂಡ ಬಂಧುಗಳಿಗೆ ಒಂದು ಮಾತು. ಒಮ್ಮೆ ಸವೆದ ಗೆರೆ ಮತ್ತೆ ಬಾರದು. ಮುಳ್ಳು ಹಗುರಾದಷ್ಟೂ ಕ್ಷೇಮವೆಂಬುದು ತಪ್ಪು ತಿಳಿವಳಿಕೆ. ತೀರ ಹಗುರಾದರೆ ಅದು ಗೆರೆಯಲ್ಲಿ ಕುಣಿದು ಕೆಡಿಸುತ್ತದೆ. ಕಾರ್ಟ್ರಿಜ್ ತಯಾರಕರು ಹೇಳಿದ ಭಾರವನ್ನೇ ಇಡಬೇಕು. ಸಾಮಾನ್ಯವಾಗಿ ಅದು 1.5ರಿಂದ 2.5 ಗ್ರಾಂ.

ಭಾರ ಅಳೆಯುವ ಪುಟ್ಟ ತಕ್ಕಡಿ ಕೊಳ್ಳುವಾಗ ಹೊಳೆಯುವ ಅಂಕಿಗಳಿಗೆ ಮರುಳಾಗಬೇಡಿರಿ. ಅದರ ತಟ್ಟೆ ಅಯಸ್ಕಾಂತಕ್ಕೆ ಅಂಟುವ ಉಕ್ಕಿನದಾದರೆ ಕಾರ್ಟ್ರಿಜ್ಜಿನ ಅಯಸ್ಕಾಂತ ಸೆಳೆದು ಲೆಕ್ಕ ತಪ್ಪೀತು. ಮುಳ್ಳು ಕೂರುವ ಜಾಗ ರಿಕಾರ್ಡಿನಷ್ಟೇ ಎತ್ತರವಿರಲಿ. ಇತವಾರಿಯ ಸರಾಫರಿಂದ 2 ಗ್ರಾಮಿನ ತೂಕದ ಬಟ್ಟು ಕೇಳಿ ತಂದು ಇಟ್ಟು ನೋಡಿರಿ. ಮೂರು ಸಲವೂ 2 ಎಂದೇ ತೋರಿದರೆ ನಂಬಿರಿ. ಕಚೇರಿಯಲ್ಲಿ ತಾಳೆ ನೋಡದೆ ರುಜು ಹಾಕುತ್ತೇವೆಯೆ?