ಅನುಭೂತಿಯ ಗುರುಗಳೂ ದಾಂಪತ್ಯದ ಹಕ್ಕುಗಳೂ

1968ರಲ್ಲಿ ರಜನೀಶರು ಮುಂಬಯಿಯಲ್ಲಿ ಕಾಮದ ಕುರಿತು ಉಪನ್ಯಾಸಗಳನ್ನು ನೀಡಿದಾಗ ದೊಡ್ಡ ಕೋಲಾಹಲವೆದ್ದಿತು. ಬಳಿಕ ಅವು ‘ಸಂಭೋಗ್ ಸೇ ಸಮಾಧಿ ಕೀ ಓರ್’ ಎಂಬ ಹಿಂದಿ ಗ್ರಂಥವಾದವು. ಕಾಮವು ಮನುಷ್ಯನೊಳಗಿನ ಶಕ್ತಿ, ಅದನ್ನು ಅದುಮದೆ ಧ್ಯಾನದಿಂದ ಅರಿತರೆ ಅದೇ ಸಮಾಧಿಯ ಬಾಗಿಲು ಎಂಬುದು ಆ ವಾದದ ತಿರುಳು. ಇಂದು ಅದೇ ಮಾತು ಮೊಬೈಲಿನ ಮೂಲಕ ನಮ್ಮ ಮಕ್ಕಳ ಕಿವಿಗೂ ಬೀಳುತ್ತಿದೆ.

ದಮನವು ಪರಿಹಾರವಲ್ಲ ಎಂಬುದರಲ್ಲಿ ನಮಗೆ ತಕರಾರಿಲ್ಲ. ಕಾಮವು ಕೊಳಕೆಂದು ಇಸ್ಲಾಮ್ ಎಂದೂ ಹೇಳಿಲ್ಲ. ದಂಪತಿಗಳ ಮಿಲನವೂ ಪುಣ್ಯದಾಯಕ ದಾನವೆಂದು ಪ್ರವಾದಿವರ್ಯರು(ಸ) ಹೇಳಿದಾಗ ಅನುಚರರೇ ಅಚ್ಚರಿಪಟ್ಟರು. ನಿಷಿದ್ಧ ಮಾರ್ಗದಲ್ಲಿ ತೀರಿಸಿಕೊಂಡರೆ ಪಾಪವಾಗುವುದಾದರೆ, ಧರ್ಮಸಮ್ಮತ ಮಾರ್ಗದಲ್ಲಿ ಪುಣ್ಯವೇಕಾಗಬಾರದು ಎಂಬುದು ಅವರ ಉತ್ತರದ ಸಾರ.

ನಮ್ಮ ತಕರಾರು ಬೇರೆಯದು. ‘ನನ್ನ ಶಕ್ತಿ’, ‘ನನ್ನ ಅನುಭೂತಿ’, ‘ನನ್ನ ಊರ್ಧ್ವಗಮನ’ ಎಂಬ ಈ ದರ್ಶನದಲ್ಲಿ ಇನ್ನೊಬ್ಬರು ಎಲ್ಲಿದ್ದಾರೆ? ಶಕ್ತಿಗೆ ಹಕ್ಕುಗಳಿಲ್ಲ, ಸಂಗಾತಿಗೆ ಇವೆ. ನಿಕಾಹ್ ಎಂಬ ಕರಾರನ್ನು ಕಳಚಿದ ಮೇಲೆ ಸಂಗಾತಿಯು ಸಾಧನೆಯ ಸಾಧನವಾಗಿ ಉಳಿಯುವರೇ ಹೊರತು, ಕೇಳುವ ಅಧಿಕಾರವುಳ್ಳ ವ್ಯಕ್ತಿಯಾಗಿ ಅಲ್ಲ.

ಹಗಲು ಉಪವಾಸ, ಇರುಳು ನಮಾಝ್‌ಗಳಲ್ಲಿ ಮುಳುಗಿ ಪತ್ನಿಯನ್ನು ಮರೆತಿದ್ದ ಅಬುದ್ದರ್ದಾ(ರ)ರವರನ್ನು ನೆನೆಯಿರಿ. ಅವರ ಪತ್ನಿ ಅಲಂಕಾರ ತೊರೆದಿದ್ದುದನ್ನು ಕಂಡ ಸಲ್ಮಾನ್(ರ)ರವರು, ಒಡೆಯನಿಗೂ ನಿನ್ನ ಶರೀರಕ್ಕೂ ನಿನ್ನ ಮನೆಯವರಿಗೂ ನಿನ್ನ ಮೇಲೆ ಹಕ್ಕಿದೆಯೆಂದು ತಿಳಿಹೇಳಿದರು. ಪ್ರವಾದಿವರ್ಯರು(ಸ) ಅದನ್ನು ಸತ್ಯವೆಂದು ಅನುಮೋದಿಸಿದರು. ಪತ್ನಿಯ ಹಕ್ಕನ್ನು ನುಂಗುವ ಆರಾಧನೆಗೇ ಇಲ್ಲಿ ಮನ್ನಣೆಯಿಲ್ಲ. ಹಕ್ಕನ್ನೇ ಅರಿಯದ ಅನುಭೂತಿಗೆ ಎಲ್ಲಿಂದ ಬಂದೀತು?

1111ರಲ್ಲಿ ನಿಧನರಾದ ಇಮಾಮ್ ಗಝ್ಝಾಲಿಯವರು ‘ಇಹ್ಯಾ’ದಲ್ಲಿ ವಿವಾಹದ ಶಿಷ್ಟಾಚಾರಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ತನ್ನ ತೃಪ್ತಿಯಾಯಿತೆಂದು ಪತಿಯು ಎದ್ದು ಹೋಗಬಾರದು, ಪತ್ನಿಯ ತೃಪ್ತಿಗಾಗಿ ಕಾಯಬೇಕು ಎಂದು ಅವರು ನಿಸ್ಸಂಕೋಚವಾಗಿ ಬರೆದರು. ಅನುಭೂತಿಯ ಗುರುಗಳು ಹುಟ್ಟುವ ಶತಮಾನಗಳ ಮೊದಲೇ ನಮ್ಮ ವಿದ್ವಾಂಸರು ಪತ್ನಿಯ ಹಕ್ಕನ್ನು ಆರಾಧನೆಯ ಗ್ರಂಥದಲ್ಲೇ ದಾಖಲಿಸಿದ್ದರು.

ಆದರೆ ಅದನ್ನು ಮುಚ್ಚಿಟ್ಟವರು ಯಾರು? ನಾವೇ. ಸ್ನಾನವು ಯಾವಾಗ ಕಡ್ಡಾಯವೆಂಬುದನ್ನು ನಾನು ಮದರಸದಲ್ಲಿ ವರ್ಷಗಳಿಂದ ಬೋಧಿಸುತ್ತಿದ್ದೇನೆ. ಪತಿಯು ಪತ್ನಿಯ ಮನವರಿತು ನಡೆಯಬೇಕೆಂಬುದನ್ನು ಮದುಮಗನಿಗೆ ಒಮ್ಮೆಯೂ ಹೇಳಿರಲಿಲ್ಲ. ನಿಕಾಹ್‌ನ ದಿನ ಮಹ್ರ್‌ನ ಗ್ರಾಂ ಲೆಕ್ಕ ಹಾಕುವ ಹಿರಿಯರೂ ಈ ಹಕ್ಕಿನ ಬಗ್ಗೆ ಮೌನಿಗಳು. ಆ ಮೌನಕ್ಕೆ ನಾವು ಲಜ್ಜೆಯೆಂದು ಹೆಸರಿಟ್ಟೆವು. ಧಾರ್ಮಿಕ ಜ್ಞಾನವನ್ನು ಕೇಳಿ ತಿಳಿಯಲು ಲಜ್ಜೆ ಅಡ್ಡಿಯಾಗದ ಅನ್ಸಾರ್ ಮಹಿಳೆಯರನ್ನು ಆಯಿಶಾ(ರ) ಪ್ರಶಂಸಿಸಿದ್ದನ್ನು ಮರೆತೆವು.

ಪತಿ-ಪತ್ನಿಯರು ಪರಸ್ಪರ ಉಡುಪಾಗಿದ್ದಾರೆಂದು ಕುರ್‌ಆನ್ ಬಣ್ಣಿಸಿದೆ. ಉಡುಪು ಮೈಯನ್ನು ಮುಚ್ಚುತ್ತದೆ, ಚಳಿಯಿಂದ ಕಾಯುತ್ತದೆ. ಮಗನ ನಿಕಾಹ್‌ಗೆ ಮುನ್ನ ತಂದೆಯೂ, ಮಗಳ ನಿಕಾಹ್‌ಗೆ ಮುನ್ನ ತಾಯಿಯೂ ಈ ಮಾತನ್ನು ಬಿಡಿಸಿ ಹೇಳಲಿ. ನಾವು ಹೇಳದಿದ್ದರೆ, ಹೇಳಲು ಗುರುಗಳು ಕಾದಿದ್ದಾರೆ.